ಏರ್‌ಬ್ರಷ್‌ಗೆ ಬಣ್ಣ: ಅಳತೆ ಹೇಗೆ, ಹದ ಹೇಗೆ?

ಸ್ಕೇಲ್ ಮಾಡೆಲ್ (ನಿಜವಾದ ವಿಮಾನ, ವಾಹನಗಳ ಪುಟ್ಟ ಪ್ಲಾಸ್ಟಿಕ್ ಪ್ರತಿಕೃತಿ) ಮಾಡುವವರು ರೆಕ್ಕೆ, ಚಕ್ರ, ಕಾಕ್‌ಪಿಟ್ ಎಲ್ಲವನ್ನೂ ತಿಂಗಳುಗಟ್ಟಲೆ ಕೂತು ಜೋಡಿಸುತ್ತಾರೆ. ಬಣ್ಣ ಹೊಡೆಯುವ ದಿನ ಮಾತ್ರ ಅವಸರ. ಬಾಟಲಿಯಿಂದ ಸೀದಾ ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪುಟ್ಟ ಉಪಕರಣ) ಕಪ್‌ಗೆ ಬಣ್ಣ ಸುರಿದು, ಮೇಲೆ ಅಂದಾಜಿಗೆ ಥಿನ್ನರ್, ಅಂದರೆ ಬಣ್ಣ ತೆಳುವಾಗಿಸುವ ದ್ರವ ಹಾಕಿ ಟ್ರಿಗರ್ ಒತ್ತುತ್ತಾರೆ. ಬಣ್ಣ ಚುಕ್ಕಿ ಚುಕ್ಕಿಯಾಗಿ ಸಿಡಿಯುತ್ತದೆ, ಇಲ್ಲವೇ ರೆಕ್ಕೆಯ ಮೇಲೆ ಹರಿದುಹೋಗುತ್ತದೆ. ಆಮೇಲೆ ಏರ್‌ಬ್ರಷ್ ಸರಿಯಿಲ್ಲ ಅಂತ ಹೊಸದು ಕೊಳ್ಳುತ್ತಾರೆ. ದಯವಿಟ್ಟು ಅದಕ್ಕೆ ಮೊದಲು ಬಣ್ಣ ಕಲಸುವುದನ್ನು ಸರಿಮಾಡಿಕೊಳ್ಳಿ.

ಬೇಕಾಗುವ ಸಾಮಾನು ಕಡಿಮೆ. ಕೆಮ್ಮಿನ ಸಿರಪ್ ಜೊತೆ ಬರುವ, ಮಿಲಿ ಗೆರೆಗಳಿರುವ ಪುಟ್ಟ ಕಪ್‌ಗಳು, ಪ್ಲಾಸ್ಟಿಕ್ ಡ್ರಾಪರ್‌ಗಳು, ಕಲಕಲು ಸ್ಟೀಲ್ ಕಡ್ಡಿ, ಒಂದು ಹಳೇ ಬ್ರಷ್. ಕುಡಿಯುವ ನೀರಿನ ತೆಳು ಪ್ಲಾಸ್ಟಿಕ್ ಲೋಟ ಬೇಡ. ಅದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ ಆಗಿದ್ದರೆ ಲ್ಯಾಕರ್ (ಬಲವಾದ ದ್ರಾವಕವಿರುವ ಬಣ್ಣ) ಥಿನ್ನರ್‌ಗೆ ಕರಗಿಹೋಗುತ್ತದೆ. ಇಂಜೆಕ್ಷನ್ ಸಿರಿಂಜ್ ಬಣ್ಣ ಅಳೆಯಲು ಚೆನ್ನಾಗಿದೆ, ಆದರೆ ಲ್ಯಾಕರ್ ಥಿನ್ನರ್ ತಾಗಿದರೆ ಅದರ ರಬ್ಬರ್ ಊದಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಕಿಟಕಿ ತೆಗೆದಿರಲಿ. ಕೋಣೆಯಲ್ಲಿ ದೀಪ, ಊದುಬತ್ತಿ ಉರಿಯುತ್ತಿರಬಾರದು. ಎನ್‌95 ಮಾಸ್ಕ್ ಥಿನ್ನರ್ ಆವಿಯನ್ನು ತಡೆಯುವುದಿಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ (ದ್ರಾವಕದ ಆವಿ ಹೀರುವ ಫಿಲ್ಟರ್) ಇರುವ ಮಾಸ್ಕನ್ನೇ ಹಾಕಿ.

1. ಬಣ್ಣ ಯಾವ ಜಾತಿಯದ್ದು ನೋಡಿ

ಬಾಟಲಿ ಮೇಲೆ ಅಕ್ರಿಲಿಕ್ ಅಂತ ಬರೆದಿದ್ದರೆ ಎಲ್ಲವೂ ಒಂದೇ ಅಲ್ಲ. ತಮಿಯಾ (ಜಪಾನಿನ ಕಂಪನಿ) ಅಕ್ರಿಲಿಕ್‌ಗೆ ಅದರದೇ ಎಕ್ಸ್-20ಎ ಥಿನ್ನರ್ ಹಾಕಬಹುದು, ಐಸೊಪ್ರೊಪೈಲ್ ಆಲ್ಕೋಹಾಲ್ ಕೂಡ ನಡೆಯುತ್ತದೆ. ಅದೇ ಆಲ್ಕೋಹಾಲನ್ನು ವಲೆಹೊ (ಸ್ಪೇನಿನ ಕಂಪನಿ) ಬಣ್ಣಕ್ಕೆ ಹಾಕಿ ನೋಡಿ, ಕಪ್‌ನಲ್ಲೇ ಗಟ್ಟಿಯಾಗಿ ರಬ್ಬರಿನ ಹಾಗೆ ಎಳೆಯುತ್ತದೆ. ಬಣ್ಣ ಹೊರಬರುವ ಪುಟ್ಟ ತೂತಿನ ತುದಿ, ಅಂದರೆ ನಾಝಲ್ ಒಳಗೆ ಹೀಗಾದರೆ ಬಿಚ್ಚಿ ತೊಳೆಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ವಲೆಹೊಗೆ ಅದರದೇ ಥಿನ್ನರ್ ಕೊಳ್ಳಿ. ಮಿಸ್ಟರ್ ಕಲರ್‌ನಂಥ ಲ್ಯಾಕರ್ ಬಣ್ಣಕ್ಕೆ ಲೆವೆಲಿಂಗ್ ಥಿನ್ನರ್. ತಮಿಯಾ ಅಕ್ರಿಲಿಕ್‌ಗೂ ನಾನು ಇದನ್ನೇ ಹಾಕುತ್ತೇನೆ. ಇದರಲ್ಲಿ ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಇದೆ, ಹಾಗಾಗಿ ಬಣ್ಣ ನಯವಾಗಿ ಕೂರುತ್ತದೆ.

ಹಾರ್ಡ್‌ವೇರ್ ಅಂಗಡಿಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಅಗ್ಗ, ಏರ್‌ಬ್ರಷ್ ತೊಳೆಯಲು ಒಳ್ಳೆಯದು. ಬಣ್ಣಕ್ಕೆ ಮಾತ್ರ ಬೆರೆಸಬೇಡಿ. ಅದು ಮಾಡೆಲ್‌ನ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ, ಒಂದು ಡಬ್ಬಿ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ. ಹ್ಯಾಂಡ್ ಸ್ಯಾನಿಟೈಸರ್ ಕೂಡ ಆಲ್ಕೋಹಾಲೇ ಅಲ್ವಾ ಅಂತ ಹಾಕುವವರಿದ್ದಾರೆ. ಅದರಲ್ಲಿ ಗ್ಲಿಸರಿನ್ ಇರುತ್ತದೆ, ಬಣ್ಣ ಒಣಗದೆ ಅಂಟಂಟಾಗಿ ಉಳಿಯುತ್ತದೆ.

2. ಬಾಟಲಿಯ ತಳ ಕೆರೆಯಿರಿ

ಸುಮ್ನೆ ಅಲುಗಾಡಿಸಿದರೆ ಸಾಲದು. ಬಣ್ಣದ ಪುಡಿ ತಳದಲ್ಲಿ ಕೂತಿರುತ್ತದೆ. ಸ್ಟೀಲ್ ಕಡ್ಡಿಯನ್ನು ಮೂಲೆವರೆಗೂ ಓಡಿಸಿ, ಕಡ್ಡಿಗೆ ಮುದ್ದೆ ಹತ್ತದಷ್ಟು ಹೊತ್ತು ಕಲಕಿ. ಇದನ್ನು ಬಿಟ್ಟರೆ ಮುಂದಿನ ಅಳತೆಗೆಲ್ಲ ಅರ್ಥವೇ ಇಲ್ಲ, ಯಾಕೆಂದರೆ ನೀವು ಅಳೆಯುತ್ತಿರುವುದು ಮೇಲೆ ತೇಲುವ ತಿಳಿಯನ್ನು.

3. ಅಳೆಯಿರಿ

1:72 ಅಳತೆಯ (ನಿಜವಾದುದರ 72ರಲ್ಲಿ ಒಂದರಷ್ಟು ಉದ್ದದ) ಯುದ್ಧ ವಿಮಾನದ ಒಂದು ಪದರಕ್ಕೆ 3–4 ಮಿಲಿ ಮಿಶ್ರಣ ಸಾಕು. ತಮಿಯಾ ಅಕ್ರಿಲಿಕ್ ಮತ್ತು ಲ್ಯಾಕರ್‌ಗೆ 1 ಪಾಲು ಬಣ್ಣ, 1 ಪಾಲು ಥಿನ್ನರ್‌ನಿಂದ ಶುರು ಮಾಡಿ. ಲ್ಯಾಕರ್‌ಗೆ ಥಿನ್ನರ್ 2 ಪಾಲಿನವರೆಗೂ ಹೋಗಬಹುದು. ವಲೆಹೊದ ಮಾಡೆಲ್ ಏರ್ ತೆಳ್ಳಗೇ ಬರುತ್ತದೆ, ಕೆಲವು ತೊಟ್ಟು ಥಿನ್ನರ್ ಸಾಕು.

ಪಾಲು ಅಂದರೆ ಮಿಲಿ, ತೊಟ್ಟಿನ ಲೆಕ್ಕವಲ್ಲ. ಥಿನ್ನರ್ ತೊಟ್ಟು ಸಣ್ಣದು, ಬಣ್ಣದ ತೊಟ್ಟು ದಪ್ಪ. 10 ತೊಟ್ಟಿಗೆ 10 ತೊಟ್ಟು ಹಾಕಿದರೆ 1:1 ಆಗುವುದಿಲ್ಲ. ಕಪ್‌ನ ಗೆರೆ ನೋಡಿ ಹಾಕಿ. ಚಿನ್ನ ತೂಗುವ ಪುಟ್ಟ ತಕ್ಕಡಿಯಲ್ಲಿ ತೂಗುವವರೂ ಇದ್ದಾರೆ. ಬಿಳಿ ಬಣ್ಣ ಭಾರ, ಥಿನ್ನರ್ ಹಗುರ, ಹಾಗಾಗಿ ಗ್ರಾಂ ಲೆಕ್ಕದ 1:1 ಬೇರೆ, ಮಿಲಿ ಲೆಕ್ಕದ 1:1 ಬೇರೆ. ಯಾವುದಾದರೂ ಒಂದನ್ನು ಹಿಡಿದು ಅದರಲ್ಲೇ ಇರಿ.

4. ಹದ ನೋಡುವುದು

ಹೆಚ್ಚಿನವರು ಎಡವುವುದು ಇಲ್ಲೇ. 1:1 ಹಾಕಿದೆವು, ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ವರ್ಷಗಟ್ಟಲೆ ತೆಗೆದು ಮುಚ್ಚಿದ ಬಾಟಲಿಯಲ್ಲಿ ದ್ರಾವಕ ಆವಿಯಾಗಿ ಬಣ್ಣ ದಪ್ಪಗಾಗಿರುತ್ತದೆ. ಹೊಸ ಬಾಟಲಿಯ 1:1 ಅದಕ್ಕೆ ಹೊಂದುವುದಿಲ್ಲ. ಅಳತೆ ನಿಮ್ಮನ್ನು ಹದದ ಹತ್ತಿರ ತರುತ್ತದೆ, ಅಷ್ಟೇ. ಉಳಿದದ್ದನ್ನು ಕಪ್‌ನ ಗೋಡೆ ಹೇಳುತ್ತದೆ.

ಮಿಶ್ರಣವನ್ನು ನಿಧಾನವಾಗಿ ಕಲಕಿ, ನೊರೆ ಬರಬಾರದು. ಹಳೇ ಬ್ರಷ್ ಅದ್ದಿ, ಕಪ್‌ನ ಒಳಗೋಡೆಯ ಮೇಲೆ ಒಂದು ಬೆರಳಿನಷ್ಟು ಎತ್ತರಕ್ಕೆ ಬಣ್ಣ ಎಳೆಯಿರಿ. ಬೆಳಕಿಗೆ ಹಿಡಿದು ನೋಡಿ. ಬಣ್ಣ ಕೆಳಗಿಳಿಯುತ್ತಾ ಕೆನೆ ತೆಗೆದ ಹಾಲಿನಂತೆ ತೆಳು ಪರದೆ ಬಿಟ್ಟುಹೋದರೆ ಹದ ಸರಿ. ಆ ಪರದೆಯಲ್ಲಿ ಕಪ್‌ನ ಗೆರೆಗಳು ಮಸುಕಾಗಿ ಕಾಣಬೇಕು. ಬಣ್ಣ ಗೋಡೆಗೆ ಹಿಡಿದುಕೊಂಡು ಇಳಿಯದೇ ನಿಂತರೆ ದಪ್ಪ. ಗೋಡೆ ಬರಿದಾಗಿ, ಅಂಚಲ್ಲಿ ಮಾತ್ರ ಬಣ್ಣದ ಗೆರೆ ಉಳಿದರೆ ನೀರಾಗಿದೆ.

ದಪ್ಪವಿದ್ದರೆ ಥಿನ್ನರನ್ನು ಎರಡೆರಡೇ ತೊಟ್ಟು ಹಾಕಿ ಮತ್ತೆ ಎಳೆದು ನೋಡಿ. ನೀರಾಗಿದ್ದರೆ ಬಣ್ಣ ಸೇರಿಸಿ. ಎಷ್ಟು ಸೇರಿಸಿದಿರಿ ಅನ್ನುವುದನ್ನು ಆಗಲೇ ಬರೆದಿಡಿ.

ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಏಪ್ರಿಲ್‌ನ ಕಲಬುರಗಿಯಲ್ಲಿ ಬಣ್ಣ ಗಾಳಿಯಲ್ಲೇ ಒಣಗಿ, ಮಾಡೆಲ್ ಮೇಲೆ ಧೂಳಿನಂತೆ ತರಿತರಿಯಾಗಿ ಬೀಳುತ್ತದೆ. ಅಲ್ಲಿ ಕೆಲವು ತೊಟ್ಟು ರಿಟಾರ್ಡರ್ ಬೇಕೇ ಬೇಕು. ಮಳೆಗಾಲದ ಮಂಗಳೂರಿನಲ್ಲಿ ಲ್ಯಾಕರ್ ಬಣ್ಣ ಗಾಳಿಯ ತೇವ ಹಿಡಿದು ಬಿಳಿಚಿಕೊಳ್ಳುತ್ತದೆ. ಜಡಿಮಳೆಯ ದಿನ ಹೊಡೆಯಲೇಬೇಡಿ. ಕಂಪ್ರೆಸರ್ ಪೈಪ್‌ಗೆ ನೀರು ಹಿಡಿಯುವ ಟ್ರ್ಯಾಪ್ ಇರಲಿ.

5. ಸುರಿಯುವುದು, ಪರೀಕ್ಷೆ

ಏರ್‌ಬ್ರಷ್ ಕಪ್‌ಗೆ ಮೊದಲು ಎರಡು ತೊಟ್ಟು ಬರೀ ಥಿನ್ನರ್, ಆಮೇಲೆ ಮಿಶ್ರಣ. ನಾಝಲ್ ಮುಚ್ಚಿ ಗಾಳಿ ಹಿಂದಕ್ಕೆ ಬಿಟ್ಟು ಕಪ್‌ನಲ್ಲೇ ಬಣ್ಣ ಕಲಸುವ ಸುಲಭದ ದಾರಿ ನನಗೆ ಒಪ್ಪಿಗೆಯಿಲ್ಲ. ಕಲಸುವ ಮೊದಲೇ ದಪ್ಪ ಬಣ್ಣ ಸೂಜಿಯ ತುದಿಗೆ ಹೋಗಿ ಕೂತಿರುತ್ತದೆ.

0.3 ಮಿಮೀ ನಾಝಲ್‌ಗೆ 15–20 ಪಿಎಸ್‌ಐ ಒತ್ತಡ ಇಟ್ಟು, ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ತಳಪದರ) ಹೊಡೆದ ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆಯಿರಿ. ಚುಕ್ಕಿ ಸಿಡಿದರೆ ಇನ್ನೂ ದಪ್ಪವಿದೆ. ಬಣ್ಣ ಒಂದೇ ಕಡೆ ನಿಂತು, ಗಾಳಿಗೆ ಜೇಡನ ಕಾಲಿನಂತೆ ಕವಲೊಡೆದು ಓಡಿದರೆ ತೆಳುವಾಗಿದೆ ಅಥವಾ ತೀರಾ ಹತ್ತಿರ ಹಿಡಿದಿದ್ದೀರಿ. ಒದ್ದೆಯಾಗಿ ಹೊಳೆದು, ಕೆಲವೇ ಕ್ಷಣದಲ್ಲಿ ಹೊಳಪು ಆರಿದರೆ ಮಾಡೆಲ್‌ಗೆ ಹೋಗಿ.

6. ನಿಮ್ಮದೇ ಬಣ್ಣ ಬೇಕೆಂದರೆ

ತೇಜಸ್‌ನಂಥ ವಿಮಾನದ ಬೂದು ಬಣ್ಣಕ್ಕೆ ಬಿಳಿಯಿಂದ ಶುರು ಮಾಡಿ, ಕಪ್ಪಿನಿಂದಲ್ಲ. ತಮಿಯಾದಲ್ಲಿ ಎಕ್ಸ್‌ಎಫ್-2 ಬಿಳಿ, ಎಕ್ಸ್‌ಎಫ್-1 ಕಪ್ಪು, ಎಕ್ಸ್‌ಎಫ್-8 ನೀಲಿ ಇದ್ದರೆ ಸಾಕು. 20 ತೊಟ್ಟು ಬಿಳಿಗೆ 1 ತೊಟ್ಟು ಕಪ್ಪು ಹಾಕಿ ನೋಡಿ, ಆಮೇಲೆ ನೀಲಿಯನ್ನು ಕಡ್ಡಿಯ ತುದಿಯಲ್ಲಿ ಮುಟ್ಟಿಸಿ. ಒಂದೇ ಡ್ರಾಪರ್, ಒಂದೇ ಜಾತಿಯ ಬಣ್ಣ ಆಗಿರುವುದರಿಂದ ಇಲ್ಲಿ ತೊಟ್ಟಿನ ಲೆಕ್ಕ ನಡೆಯುತ್ತದೆ. ಬಣ್ಣ ಸರಿಬಂದ ಮೇಲೆಯೇ ಥಿನ್ನರ್. ಹಸಿ ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಚಮಚದ ಮೇಲೆ ಒಣಗಲು ಬಿಡಿ. ಡೆಕಾಲ್‌ಗಾಗಿ (ಮಾಡೆಲ್ ಮೇಲೆ ಅಂಟಿಸುವ ಗುರುತು, ಅಂಕಿಗಳು) ಹೊಳಪಿನ ಪದರ ಹೊಡೆದಾಗ ಬಣ್ಣ ಇನ್ನೂ ಗಾಢವಾಗಿ ಕಾಣುತ್ತದೆ, ಹಾಗಾಗಿ ಒಂದು ಗುಲಗಂಜಿ ತಿಳಿಯಾಗಿಯೇ ಇರಲಿ.

ಇಂಥ ಬಣ್ಣವನ್ನು ಬೇಕಾದ್ದಕ್ಕಿಂತ ಜಾಸ್ತಿಯೇ ಮಾಡಿಕೊಳ್ಳಿ. ಅರ್ಧ ರೆಕ್ಕೆಗೆ ಖಾಲಿಯಾದರೆ ಮತ್ತೆ ಅದೇ ಬಣ್ಣ ತರುವುದು ಬಹಳ ಕಷ್ಟ. ಉಳಿದದ್ದನ್ನು ಗಾಜಿನ ಪುಟ್ಟ ಬಾಟಲಿಗೆ ಹಾಕಿ, ಮುಚ್ಚಳದ ಮೇಲೆ ಅದೇ ಬಣ್ಣದ ಒಂದು ಚುಕ್ಕಿ, ಬದಿಯಲ್ಲಿ ಅಳತೆ ಮತ್ತು ತಾರೀಖು ಬರೆಯಿರಿ. ಥಿನ್ನರ್ ಬೆರೆಸಿದ್ದನ್ನು ಮೂಲ ಬಾಟಲಿಗೆ ಮಾತ್ರ ವಾಪಸ್ ಸುರಿಯಬೇಡಿ.