ವರ್ಷ ಬೇರೆ, ವಾರ ಬೇರೆ ತೆಗೆಯಬೇಡಿ: ಡೇಟಾಬೇಸ್‌ನಲ್ಲಿ ವಾರದ ಲೆಕ್ಕ

ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಕಚೇರಿಯೊಂದರ ವಾರವಾರದ ಪಟ್ಟಿ ನೋಡುತ್ತಿದ್ದೆ. 2024ರ ಮೊದಲ ವಾರದಲ್ಲಿ ಚಾಲಿಯ (ಸಿಪ್ಪೆಸಹಿತ ಒಣಗಿಸಿ ಸುಲಿದ ಅಡಿಕೆಯ) ತೂಕ ಅಕ್ಕಪಕ್ಕದ ವಾರಗಳಿಗಿಂತ ಬಹಳ ಹೆಚ್ಚಿತ್ತು. ಹೊಸ ಚಾಲಿ ಇನ್ನೂ ಅಂಗಳದಲ್ಲಿ ಒಣಗುವ ಹೊತ್ತಿಗೆ ಇಷ್ಟು ಮಾಲು ಎಲ್ಲಿಂದ ಬಂತು? ಬಿಲ್ ಬಿಲ್ ಹುಡುಕಿದಾಗ ಸಿಕ್ಕಿತು: ಅದೇ ವರ್ಷದ ಡಿಸೆಂಬರ್ 30 ಮತ್ತು 31ರ ಮಾರಾಟ ಹನ್ನೆರಡು ತಿಂಗಳು ಹಿಂದೆ ಹೋಗಿ ಜನವರಿಯಲ್ಲಿ ಕೂತಿತ್ತು. ಈ ತಪ್ಪನ್ನು ಆಮೇಲೂ ಎಷ್ಟೋ ಕಡೆ ನೋಡಿದ್ದೇನೆ. ಅದಕ್ಕೇ ಈ ಬರಹ.

1. ದಿನಾಂಕ ದಿನಾಂಕವಾಗಿಯೇ ಇರಲಿ. ಕಾಲಂ ಪಠ್ಯದ ರೂಪದಲ್ಲಿದ್ದರೆ ಮೊದಲು ಡೇಟ್ ಮಾದರಿಗೆ ಬದಲಿಸಿ, ಆಮೇಲೆ ಮುಂದಿನ ಮಾತು.

2. ವಾರ ಯಾವತ್ತು ಶುರು? ಇದನ್ನು ಪ್ರೋಗ್ರಾಂ ಬರೆಯುವವರು ತೀರ್ಮಾನಿಸುವುದಲ್ಲ, ವ್ಯಾಪಾರ ಮಾಡುವವರನ್ನು ಕೇಳಬೇಕು. ಕಾರವಾರದ ಭಾನುವಾರದ ಸಂತೆಯ ಮಾರಾಟ ಮುಗಿದ ವಾರಕ್ಕೆ ಸೇರಬೇಕೋ, ಮುಂದಿನ ವಾರಕ್ಕೋ? ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 8601 ಪದ್ಧತಿಯಲ್ಲಿ ವಾರ ಸೋಮವಾರ ಶುರುವಾಗಿ ಭಾನುವಾರ ಮುಗಿಯುತ್ತದೆ. ಜನವರಿ 4 ಬೀಳುವ ವಾರವೇ ಒಂದನೆಯ ವಾರ. ಬೇರೆ ಬಲವಾದ ಕಾರಣ ಇಲ್ಲದಿದ್ದರೆ ಇದನ್ನೇ ಹಿಡಿಯಿರಿ.

3. ಗಂಟೆಯನ್ನೂ ನೋಡಿ. ಸಮಯವನ್ನು ಯುಟಿಸಿಯಲ್ಲಿ, ಅಂದರೆ ನಮ್ಮ ಗಡಿಯಾರಕ್ಕಿಂತ ಹಿಂದಿರುವ ಜಾಗತಿಕ ಸಮಯದಲ್ಲಿ, ಉಳಿಸುವ ಡೇಟಾಬೇಸ್ ಆದರೆ ಐದೂವರೆ ಗಂಟೆ ಕೂಡಿಸಿದ ಮೇಲೆಯೇ ವಾರ ತೆಗೆಯಬೇಕು. ಬೈತಖೋಲ ಬಂದರಿನಲ್ಲಿ ಸೋಮವಾರ ನಸುಕಿನ ನಾಲ್ಕೂವರೆಗೆ ಬಂಗುಡೆ ಇಳಿಯಿತು ಎನ್ನಿ. ಯುಟಿಸಿಯಲ್ಲಿ ಆಗ ಭಾನುವಾರ ರಾತ್ರಿ ಹನ್ನೊಂದು. ಗಂಟೆ ಕೂಡಿಸದಿದ್ದರೆ ಆ ಬುಟ್ಟಿಗಳೆಲ್ಲ ಹಿಂದಿನ ವಾರದ ಲೆಕ್ಕಕ್ಕೆ ಹೋಗುತ್ತವೆ.

4. ವರ್ಷ ಮತ್ತು ವಾರವನ್ನು ಒಟ್ಟಿಗೆ ತೆಗೆಯಿರಿ. ಎಲ್ಲರೂ ಎಡವುವುದು ಇಲ್ಲೇ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಹೆಚ್ಚಿನವರು ಇಯರ್(ದಿನಾಂಕ) ಒಂದು ಕಾಲಂ, ವೀಕ್(ದಿನಾಂಕ, 3) ಇನ್ನೊಂದು ಕಾಲಂ ಮಾಡಿ ಎರಡರ ಮೇಲೂ ಗ್ರೂಪ್ ಬೈ ಹಾಕಿ ಗುಂಪು ಮಾಡುತ್ತಾರೆ. (ಐಎಸ್‌ಒ ವಾರ ಕೊಡು ಎಂದು ಹೇಳುವುದು ಆ 3.) ವರ್ಷದ ನಡುವೆ ಎಲ್ಲ ಸರಿಯಾಗಿಯೇ ಬರುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. 2024ರ ಡಿಸೆಂಬರ್ 30 ಸೋಮವಾರ. ಅಂದು ಶುರುವಾದ ವಾರದಲ್ಲಿ ಐದು ದಿನ 2025ಕ್ಕೆ ಸೇರಿದ್ದರಿಂದ ಅದು 2025ರ ಒಂದನೆಯ ವಾರ. ವೀಕ್ ಹೇಳುವುದು 1, ಇಯರ್ ಹೇಳುವುದು 2024. ಎರಡೂ ತಮ್ಮ ಮಟ್ಟಿಗೆ ಸರಿ, ಜೋಡಿಸಿದರೆ ತಪ್ಪು. ಅಡಿಕೆ ಪಟ್ಟಿಯಲ್ಲಿ ಆಗಿದ್ದು ಇದೇ.

ಸರಿಯಾದ ದಾರಿ ಇಯರ್‌ವೀಕ್(ದಿನಾಂಕ, 3). ಅದು 202501 ಎಂದು ವರ್ಷ, ವಾರ ಎರಡನ್ನೂ ಒಂದೇ ಸಂಖ್ಯೆಯಲ್ಲಿ ಕೊಡುತ್ತದೆ, ವಾರಕ್ಕೆ ಎರಡು ಅಂಕಿ ಇರುವುದರಿಂದ ಕ್ರಮವೂ ಕೆಡುವುದಿಲ್ಲ. ನೀವೇ ಪಠ್ಯವಾಗಿ ಜೋಡಿಸಿದರೆ 2025-10ನೇ ವಾರ 2025-2ಕ್ಕಿಂತ ಮೊದಲು ಬಂದು ಕೂರುತ್ತದೆ. ಆ 3 ಬಿಡಬೇಡಿ. ಬಿಟ್ಟರೆ ವಾರ ಭಾನುವಾರದಿಂದ ಶುರುವಾಗುತ್ತದೆ. ವೀಕ್ ಫಂಕ್ಷನ್ನಿನಲ್ಲಿ ಬಿಟ್ಟರಂತೂ 2025ರ ಜನವರಿ 1ರಿಂದ 4ರವರೆಗೆ ಸೊನ್ನೆಯ ವಾರ ಎಂದು ಬರುತ್ತದೆ. ಸೊನ್ನೆಯ ವಾರವನ್ನು ಯಾವ ಅಂಗಡಿಕಾರರಿಗೆ ವಿವರಿಸುತ್ತೀರಿ?

ವರ್ಷದ ದಿನಸಂಖ್ಯೆಯನ್ನು ಏಳರಿಂದ ಭಾಗಿಸುವ ಅಡ್ಡದಾರಿಯನ್ನು ದಯವಿಟ್ಟು ಮರೆತುಬಿಡಿ. ದುಡ್ಡು ಕೊಟ್ಟು ತಂದ ಬಿಲ್ಲಿಂಗ್ ಸಾಫ್ಟ್‌ವೇರ್ ಒಂದರಲ್ಲೂ ಇದೇ ಲೆಕ್ಕ ಇತ್ತು. ಅದರ ವಾರ ಒಂದು ವರ್ಷ ಬುಧವಾರ ಶುರುವಾದರೆ ಮರುವರ್ಷ ಗುರುವಾರ.

5. ಬೇರೆ ಡೇಟಾಬೇಸ್‌ಗಳಲ್ಲಿ. ಪೋಸ್ಟ್‌ಗ್ರೆಸ್‌ನಲ್ಲಿ ಎಕ್ಸ್‌ಟ್ರಾಕ್ಟ್ ಬಳಸಿ ವೀಕ್ ಜೊತೆಗೆ ಐಎಸ್‌ಒಇಯರ್ ತೆಗೆಯಿರಿ, ಬರೀ ಇಯರ್ ಬೇಡ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಡೇಟ್‌ಪಾರ್ಟ್‌ಗೆ ಐಎಸ್‌ಒ_ವೀಕ್ ಕೊಟ್ಟರೆ ವಾರ ಸಿಗುತ್ತದೆ, ಅದಕ್ಕೆ ಹೊಂದುವ ವರ್ಷ ನೇರವಾಗಿ ಸಿಗುವುದಿಲ್ಲ. 26ರಲ್ಲಿ ವಾರದ ಸಂಖ್ಯೆ ಕಳೆದು, ಉಳಿದಷ್ಟು ದಿನಗಳನ್ನು ದಿನಾಂಕಕ್ಕೆ ಕೂಡಿಸಿ, ಬಂದ ದಿನಾಂಕದ ವರ್ಷ ತೆಗೆದುಕೊಳ್ಳಿ. ಡಿಸೆಂಬರ್ 30ಕ್ಕೆ ಹಾಕಿ ನೋಡಿ: 26ರಲ್ಲಿ 1 ಹೋದರೆ 25, ದಿನಾಂಕ 2025ರ ಜನವರಿ 24ಕ್ಕೆ ಬಂತು, ವರ್ಷ 2025.

6. ವರ್ಷದ ಅಂಚಿನ ದಿನಗಳಲ್ಲೇ ಪರೀಕ್ಷಿಸಿ. ಜುಲೈ ತಿಂಗಳ ದಿನಾಂಕ ಹಾಕಿ ನೋಡಿ ತೃಪ್ತಿಪಡಬೇಡಿ. 2021ರ ಜನವರಿ 1ಕ್ಕೆ 202053 ಬರಬೇಕು, 2024ರ ಡಿಸೆಂಬರ್ 30ಕ್ಕೆ 202501, 2027ರ ಜನವರಿ 3ಕ್ಕೆ 202653, ಅದರ ಮರುದಿನಕ್ಕೆ 202701. 2026ರಲ್ಲಿ 53 ವಾರಗಳಿವೆ. ಆ ಕೊನೆಯ ವಾರಕ್ಕೆ 2025ರಲ್ಲಿ ಜೋಡಿ ಇಲ್ಲ. ಹೋದ ವರ್ಷ, ಈ ವರ್ಷ ಎಂದು ಪಕ್ಕಪಕ್ಕ ಇಡುವ ಪಟ್ಟಿ ಇದ್ದರೆ ಆ ಸಾಲಿನ ಎಡಗಡೆ ಖಾಲಿ ಬಿಡಿ, ಸೊನ್ನೆ ತುಂಬಬೇಡಿ.