ಫ್ಲವರ್‌ಹಾರ್ನ್ ಜೊತೆ ಏಳು ಸಿಲ್ವರ್ ಡಾಲರ್: ನನ್ನ ಅನುಭವ

ನನ್ನ 6 ಅಡಿ ಟ್ಯಾಂಕ್‌ನಲ್ಲಿ ಒಂದು ಗಂಡು ಫ್ಲವರ್‌ಹಾರ್ನ್ (ಹಣೆ ಉಬ್ಬಿದ, ಜಗಳಗಂಟ ಸಾಕುಮೀನು) ಮತ್ತು 7 ಸಿಲ್ವರ್ ಡಾಲರ್ (ನಾಣ್ಯದ ಹಾಗೆ ದುಂಡಗೆ ಚಪ್ಪಟೆಯಾದ ಬೆಳ್ಳಿ ಬಣ್ಣದ ಮೀನು) ಒಟ್ಟಿಗೆ ಬಾಳುತ್ತಿವೆ. ಎರಡು ವರ್ಷ ಕಳೆದು ಮೂರು ತಿಂಗಳಾಯಿತು. ಇಷ್ಟು ದಿನದಲ್ಲಿ ಒಂದು ಡಾಲರ್ ಕೂಡ ಸತ್ತಿಲ್ಲ. ಇದು ಆಗಲ್ಲ ಅಂತ ನನಗೆ ಹೇಳದವರೇ ಇಲ್ಲ. ಇಲ್ಲಿ ತುಮಕೂರಿನಲ್ಲಿ ಹೇಳಿದರು. ಬೆಂಗಳೂರಿನ ರಸೆಲ್ ಮಾರ್ಕೆಟ್ ಕಡೆ ಮೀನು ತರಲು ಹೋದಾಗಲೂ ಹೇಳಿದರು. "ಫ್ಲವರ್‌ಹಾರ್ನ್ ಒಂಟಿ ಮೀನು, ಸುಮ್ನೆ ದುಡ್ಡು ಕಳ್ಕೋಬೇಡಿ." ದುಡ್ಡು ಹೋಯಿತು, ನಿಜ. ಆದರೆ ಕೊನೆಗೆ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಫ್ಲವರ್‌ಹಾರ್ನ್ ಹೆಸರು ಗೂಳಿ. ಹಣೆ ಮೇಲೆ ಎತ್ತಿನ ಹಿಣಿಲಿನ ಹಾಗೆ ಕೋಕ್ (ಉಬ್ಬು) ಎದ್ದಿದೆ. ಗಾಜು ಒರೆಸಲು ಕೈ ಇಳಿಸಿದರೆ ಓಡಿ ಬಂದು ಗುದ್ದುತ್ತದೆ. ಎರಡೂವರೆ ಇಂಚಿನ ಮರಿ ಇದ್ದಾಗ 1200 ರೂಪಾಯಿಗೆ ತಂದಿದ್ದೆ. ಒಂದು ವರ್ಷಕ್ಕೆ 9 ಇಂಚು ಹತ್ತಿರ ಬಂತು. ಆಗ ಇದ್ದದ್ದು 3 ಅಡಿ ಟ್ಯಾಂಕ್.

ಗೂಳಿಯ ಜೊತೆಗೆ ಮೊದಲು ಸಕ್ಕರ್ (ಗಾಜಿಗೆ ಅಂಟಿ ಪಾಚಿ ತಿನ್ನುವ ಮೀನು) ಹಾಕಿದೆ. ಎಲ್ಲರೂ ಹಾಕುತ್ತಾರೆ ಅಲ್ವಾ? ಹಗಲು ಏನೂ ತೊಂದರೆ ಇರಲಿಲ್ಲ. ರಾತ್ರಿ ಗೂಳಿ ನಿದ್ದೆಗೆ ಜಾರಿದಾಗ ಸಕ್ಕರ್ ಹೋಗಿ ಅದರ ಪಕ್ಕೆಗೆ ಅಂಟಿಕೊಂಡು ಮೈ ಮೇಲಿನ ಲೋಳೆ ಹೀರುತ್ತಿತ್ತು. ಒಂದು ಬೆಳಗ್ಗೆ ನೋಡಿದರೆ ಗೂಳಿಯ ಪಕ್ಕೆಯಲ್ಲಿ ರೂಪಾಯಿ ಅಗಲದ ಬಿಳಿ ಕಲೆ. ಮೂರನೇ ದಿನ ಸಕ್ಕರ್‌ಗೆ ಒಂದು ಕಣ್ಣು ಇರಲಿಲ್ಲ. ವಾರದೊಳಗೆ ಸತ್ತಿತು. ಸಕ್ಕರ್ ಮತ್ತೆ ತಂದಿಲ್ಲ, ತರುವುದೂ ಇಲ್ಲ. ಬೇಡವಾದ ಸಕ್ಕರ್ ಇದ್ದರೆ ದಯವಿಟ್ಟು ಕೆರೆಗೆ ಬಿಡಬೇಡಿ. ನಮ್ಮ ದಕ್ಷಿಣದ ಕೆರೆ, ಹೊಳೆಗಳಲ್ಲಿ ಅದು ಈಗಾಗಲೇ ಜಾಸ್ತಿಯಾಗಿ ಮೀನುಗಾರರ ಬಲೆ ಹರಿಯುತ್ತಿದೆ.

ಆಮೇಲೆ 12 ಟೈಗರ್ ಬಾರ್ಬ್. ಚುರುಕು ಮೀನು, ತಪ್ಪಿಸಿಕೊಳ್ಳುತ್ತವೆ ಅಂದುಕೊಂಡೆ. ಎಷ್ಟೇ ಚುರುಕಾಗಿದ್ದರೂ ಬಾಯಿಗೆ ಹಿಡಿಸುವ ಗಾತ್ರ. ನಾಲ್ಕೇ ದಿನಕ್ಕೆ ಟ್ಯಾಂಕ್ ಖಾಲಿ. ನಂತರ ಒಂದು ಜೊತೆ ಪ್ಯಾರಟ್ ಮೀನು, 700 ರೂಪಾಯಿ. ಅದರ ಬಾಯಿ ಪೂರ್ತಿ ಮುಚ್ಚಲ್ಲ. ತಿರುಗಿ ಕಚ್ಚಲು ಆಗುವುದಿಲ್ಲ, ಆದರೆ ಜಾಗ ಬಿಟ್ಟು ಸರಿಯುವುದೂ ಇಲ್ಲ. ಒಂದು ಸತ್ತಿತು. ಇನ್ನೊಂದನ್ನು ಅಂಗಡಿಗೆ ಪುಕ್ಕಟೆ ವಾಪಸ್ ಕೊಟ್ಟೆ.

ಮನಸ್ಸಿಗೆ ತುಂಬಾ ನೋವಾದದ್ದು ಆಸ್ಕರ್ ಅನ್ನೋ ಮೀನಿನ ವಿಷಯದಲ್ಲಿ. 8 ಇಂಚಿನದು, 900 ಕೊಟ್ಟು ತಂದೆ. ಬಲಕ್ಕೆ ಬಲ ಸರಿಹೋಗುತ್ತದೆ ಅನ್ನೋ ಲೆಕ್ಕ ನನ್ನದು. ಎರಡನೇ ರಾತ್ರಿ ಬಾಯಿಗೆ ಬಾಯಿ ಹಾಕಿ ಜಗ್ಗಾಡಿಕೊಂಡವು. ಗೂಳಿಯ ತುಟಿ ಹರಿಯಿತು, ಅಲ್ಲಿ ಹತ್ತಿಯ ಹಾಗೆ ಫಂಗಸ್ ಬಂತು. ಹತ್ತು ದಿನ ಒಂದು ಪೆಲೆಟ್ (ಆಹಾರದ ಗುಳಿಗೆ) ಮುಟ್ಟಲಿಲ್ಲ. ಕಲ್ಲುಪ್ಪು, ಔಷಧಿ, ದಿನಾ ವಾಟರ್ ಚೇಂಜ್. ಆಫೀಸಿನಲ್ಲಿ ಕೂತರೂ ತಲೆಯಲ್ಲಿ ಅದೇ. ಆಸ್ಕರ್‌ನ್ನು ಪರಿಚಯದವರಿಗೆ ಕೊಟ್ಟೆ. ಅಲ್ಲಿಗೆ ಮೀನು, ಔಷಧಿ ಎಲ್ಲ ಸೇರಿ 6 ಸಾವಿರದ ಮೇಲೆ ಹೋಗಿತ್ತು.

ಮುಂದಿನ ವರ್ಷ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಮಾಡಿಸಿದೆ. 12 ಎಂಎಂ ಗಾಜು, ಕಬ್ಬಿಣದ ಸ್ಟ್ಯಾಂಡ್, ಕೆಳಗೆ ನೀರು ಸೋಸುವ ಸಂಪ್. ಎಲ್ಲ ಸೇರಿ 38 ಸಾವಿರ ಆದ ನೆನಪು. ಮನೆಯಲ್ಲಿ ವಾರಗಟ್ಟಲೆ ಮಾತು ಕೇಳಿದೆ.

ದಾರಿ ಸಿಕ್ಕಿದ್ದು ಒಂದು ರಿಪೇರಿಯಿಂದ. ಸಂಪ್ ಸೋರಿ, ಗೂಳಿಯನ್ನು ಎರಡು ದಿನ ಡ್ರಮ್‌ನಲ್ಲಿ ಇಟ್ಟಿದ್ದೆ. ವಾಪಸ್ ಬಿಟ್ಟಾಗ ಅದು ಬೇರೆಯೇ ಮೀನು. ಮೂಲೆ ಹಿಡಿದು ನಿಂತಿತು. ನಾಲ್ಕು ದಿನ ನನ್ನ ಕೈಗೂ ಗುದ್ದಲಿಲ್ಲ. ಈ ಜಾಗ ನನ್ನದು ಅನ್ನೋ ಧೈರ್ಯ ಹೋಗಿತ್ತು. ಹಿಂದಿನ ಪೆಟ್ಟುಗಳನ್ನೂ ಕೂತು ನೆನಪಿಸಿಕೊಂಡೆ. ತನ್ನಂತೆಯೇ ಕಾಣುವ, ತಳದಲ್ಲಿ ಜಾಗ ಹಿಡಿಯುವ, ಎದುರು ನಿಲ್ಲುವ ಮೀನನ್ನು ಗೂಳಿ ಬಿಡುವುದಿಲ್ಲ. ಪ್ಯಾರಟ್, ಆಸ್ಕರ್ ಎರಡೂ ಗೂಳಿಯ ಹಾಗೇ ಸಿಕ್ಲಿಡ್ ಅನ್ನೋ ಕುಟುಂಬದ ಮೀನುಗಳೇ. ಹಾಗಾದರೆ ಬೇಕಾದದ್ದು ಸಿಕ್ಲಿಡ್ ಅಲ್ಲದ, ನಡುನೀರಿನಲ್ಲಿ ಗುಂಪಾಗಿ ಓಡುವ, ಬಾಯಿಗೆ ಹಿಡಿಸದಷ್ಟು ಅಗಲವಾದ ಮೀನು. ಸಿಲ್ವರ್ ಡಾಲರ್ ಬಿಟ್ಟು ಬೇರೆ ಹೆಸರು ಹೊಳೆಯಲಿಲ್ಲ.

ದೊಡ್ಡ ಡಾಲರ್ ಒಂದಕ್ಕೆ 450 ಹೇಳಿದರು. ನಾನು ನಾಣ್ಯದ ಗಾತ್ರದ 9 ಮರಿ ತಂದೆ, ಒಂದಕ್ಕೆ 80. ಮೊದಲ ವಾರ ಎರಡು ಹೋದವು. ಉಳಿದ 7 ಮರಿಗಳನ್ನು ಹಳೇ 3 ಅಡಿ ಟ್ಯಾಂಕ್‌ನಲ್ಲಿ 10 ತಿಂಗಳು ಬೆಳೆಸಿದೆ. ದುಡ್ಡು ಉಳಿಸಲು ಮಾತ್ರ ಅಲ್ಲ. ಮರಿಯಿಂದ ಒಟ್ಟಿಗೆ ಬೆಳೆದರೆ ಹೆದರಿದಾಗ ಒಂದೇ ಕಡೆ ತಿರುಗುತ್ತವೆ. ಆ ಒಗ್ಗಟ್ಟೇ ಅವುಗಳ ರಕ್ಷಣೆ. ಇನ್ನೊಂದು ವಿಷಯ ನೀರಿನದು. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಲವಣಾಂಶ) 700 ಹತ್ತಿರ. ಫ್ಲವರ್‌ಹಾರ್ನ್‌ಗೆ ಗಡಸು ನೀರು ಹಿತ. ಡಾಲರ್ ಮೂಲದಲ್ಲಿ ದಕ್ಷಿಣ ಅಮೆರಿಕದ ಮೀನು, ಮೆದು ನೀರಿನದು. ಮರಿಯಿಂದಲೇ ಅದೇ ನೀರಲ್ಲಿ ಇದ್ದುದರಿಂದ ಒಗ್ಗಿಕೊಂಡವು.

ಆ ಹತ್ತು ತಿಂಗಳು ಸೊಪ್ಪಿನ ಪ್ರಯೋಗವೂ ನಡೆಯಿತು. ಪಾಲಕ್, ದಂಟು, ಸೌತೆಕಾಯಿ ಹೋಳು ನಿಮಿಷದಲ್ಲಿ ಖಾಲಿ. ನುಗ್ಗೆಸೊಪ್ಪನ್ನು ಬಿಸಿನೀರಲ್ಲಿ ಅದ್ದಿ ಕೊಟ್ಟರೆ ತಿನ್ನುತ್ತವೆ. ಮೆಂತ್ಯ ಸೊಪ್ಪನ್ನು ಮೂಸಿ ಬಿಟ್ಟವು. ಸೊಪ್ಪು ತಿಂದ ತಿಂಗಳುಗಳಲ್ಲಿ ಮೈಯ ಹೊಳಪು ಜಾಸ್ತಿ ಇತ್ತು ಅಂತ ನನಗನ್ನಿಸುತ್ತದೆ.

ನಾಲ್ಕೂವರೆ ಇಂಚು ಆದ ಮೇಲೆ ಜೋಡಿಸುವ ಕೆಲಸ. ಗೂಳಿಯನ್ನು ಮತ್ತೆ ಡ್ರಮ್‌ಗೆ ಹಾಕಿದೆ. ಗ್ರಾವೆಲ್ ಪೂರ್ತಿ ತೆಗೆದೆ. ಕಲ್ಲಿದ್ದರೆ ಗುಂಡಿ ತೋಡುತ್ತದೆ, ತೋಡಿದ ಗುಂಡಿಯೇ ಅದರ ಮನೆ, ಮನೆ ಇದ್ದಲ್ಲಿ ಜಗಳ. ನಿಲ್ಲಿಸಿದ ಎರಡು ಮರದ ತುಂಡುಗಳಿಂದ ಈ ತುದಿಗೂ ಆ ತುದಿಗೂ ಕಣ್ಣು ತಲುಪದ ಹಾಗೆ ಮಾಡಿದೆ. ಕೋಕ್ ಬರಲಿ ಅಂತ ದಿನಾ ಕನ್ನಡಿ ತೋರಿಸಿ ಕೆಣಕುತ್ತಿದ್ದೆ, ಅದನ್ನು ನಿಲ್ಲಿಸಿದೆ. ಹೀಟರ್ 30 ಡಿಗ್ರಿಯಿಂದ 27ಕ್ಕೆ ಇಳಿಸಿದೆ. ಬಿಸಿ ಜಾಸ್ತಿಯಾದಷ್ಟೂ ಗೂಳಿಯ ಕೋಪ ಜಾಸ್ತಿ ಅನ್ನೋದು ನಾನು ಕಂಡದ್ದು. ಡಾಲರ್‌ಗಳನ್ನು ಮೊದಲು ಬಿಟ್ಟೆ. ಸುಮಾರು 20 ದಿನ ಆ ಟ್ಯಾಂಕ್ ಅವುಗಳದೇ. ಆಮೇಲೆ ಒಂದು ಭಾನುವಾರ ಸಂಜೆ, ಹೊಟ್ಟೆ ತುಂಬಾ ತಿನ್ನಿಸಿ, ಲೈಟ್ ಆರಿಸಿ ಗೂಳಿಯನ್ನು ಬಿಟ್ಟೆ. ರಾತ್ರಿ 2 ಗಂಟೆವರೆಗೆ ಕತ್ತಲಲ್ಲೇ ಕೂತಿದ್ದೆ.

ನಾಲ್ಕು ದಿನ ಸದ್ದಿಲ್ಲ. ಐದನೇ ದಿನ ಅಟ್ಟಿಸಲು ಶುರು. ಎರಡು ಡಾಲರ್‌ಗಳ ಬಾಲ ಹರಿಯಿತು. ತೆಗೆದುಬಿಡಲೇ ಅಂತ ನೆಟ್ ಕೈಗೆ ತಗೊಂಡಿದ್ದೆ. ಆದರೆ ಏಳೂ ಒಮ್ಮೆಗೇ ತಿರುಗಿದಾಗ ಗೂಳಿಗೆ ಯಾವುದನ್ನು ಹಿಡಿಯಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ಅರ್ಧ ದಾರಿಗೆ ನಿಂತುಬಿಡುತ್ತಿತ್ತು. ಅದನ್ನು ನೋಡಿ ನೆಟ್ ಕೆಳಗಿಟ್ಟೆ. ಐದನೇ ವಾರದ ಹೊತ್ತಿಗೆ ಅಟ್ಟುವುದು ನಿಂತಿತು. ಬಾಲಗಳು ಪೂರ್ತಿ ಬೆಳೆದವು. ಈಗ ಗೂಳಿ ಬಲಗಡೆ ಪೆಲೆಟ್ ತಿನ್ನುವಾಗ ಎಡಗಡೆ ಡಾಲರ್‌ಗೆ ಹಾಕುತ್ತೇನೆ. ಒಂದು ಎಚ್ಚರ: ಡಾಲರ್ ಬೆಚ್ಚಿದರೆ ಗಾಜಿಗೆ ಬಡಿದುಕೊಳ್ಳುತ್ತವೆ. ರೂಮಿನ ಲೈಟ್ ಮೊದಲು, ಟ್ಯಾಂಕ್ ಲೈಟ್ ಆಮೇಲೆ.

ಕನ್ನಡಿ ಬಿಟ್ಟರೆ ಕೋಕ್ ಇಳಿದೇಹೋಗುತ್ತದೆ ಅಂದಿದ್ದರು. ಮೊದಲ ತಿಂಗಳು ಸ್ವಲ್ಪ ಇಳಿಯಿತು. ಆರು ತಿಂಗಳಿಗೆ ಮೊದಲಿಗಿಂತ ದೊಡ್ಡದಾಗಿ ಬಂತು. ನೋಡಿದವರು ಏನು ತಿನ್ನಿಸುತ್ತೀರಿ ಅಂತ ಕೇಳುತ್ತಾರೆ. ನಾನೇ ಮಾಡುವ ಒಂದು ಮಿಶ್ರಣ ಇದೆ, ಅದನ್ನು ಮಾತ್ರ ಹೇಳುವುದಿಲ್ಲ. ಅಂಗಡಿ ಟ್ಯಾಂಕ್‌ನಲ್ಲಿ ಯಾವ ಡಾಲರ್ ಮರಿ ಆರಿಸಬೇಕು ಅನ್ನೋದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ 3 ಟಿನ್‌ಫಾಯಿಲ್ ಬಾರ್ಬ್ ಸೇರಿಸಿ ನೋಡಿದೆ. ಗೂಳಿ ಏನೂ ಮಾಡಲಿಲ್ಲ. ಆದರೆ ಒಂದು, ಮುಚ್ಚಳದ ಅಂಗೈ ಅಗಲದ ಸಂದಿಯಿಂದ ಹಾರಿ ನೆಲದ ಮೇಲೆ ಸತ್ತಿತ್ತು. ಉಳಿದೆರಡು 10 ಇಂಚು ಬೆಳೆದು ಎಲ್ಲರ ಊಟ ಕಿತ್ತುಕೊಳ್ಳುತ್ತಿದ್ದವು. ದೊಡ್ಡ ತೊಟ್ಟಿ ಇದ್ದವರಿಗೆ ಕೊಟ್ಟೆ.

ನನ್ನ ಗೆಳೆಯ ಇದನ್ನೇ 4 ಅಡಿ ಟ್ಯಾಂಕ್‌ನಲ್ಲಿ, 3 ಡಾಲರ್ ಹಾಕಿ ಮಾಡಲು ಹೋದ. ಎಂಟು ದಿನದಲ್ಲಿ ಮೂರೂ ಹೋದವು. ಮೂರು ಇದ್ದರೆ ಗುಂಪಾಗುವುದಿಲ್ಲ, ನಾಲ್ಕಡಿಯಲ್ಲಿ ಓಡಲು ಜಾಗ ಸಾಲುವುದಿಲ್ಲ. ಅವನೂ ಈಗ 6 ಅಡಿ ಟ್ಯಾಂಕ್ ಮಾಡಿಸಿದ್ದಾನೆ. ಅವನಿಗೋಸ್ಕರ ನನ್ನ ಹಳೇ ಟ್ಯಾಂಕ್‌ನಲ್ಲಿ 8 ಮರಿ ಬೆಳೆಯುತ್ತಿವೆ. ನಿನ್ನೆ ಅಳೆದಾಗ 3 ಇಂಚು ಇದ್ದವು.