ಶುಗರ್ ನೋಡುವ ಮುನ್ನ ಬೆರಳು ನೋಡಿಕೊಳ್ಳಿ

ಗ್ಲುಕೋಮೀಟರ್ ಇಟ್ಟುಕೊಂಡವರ ಮಾಮೂಲಿ ದೂರು: 'ಈಗೊಂದು ತೋರಿಸುತ್ತೆ, ಐದು ನಿಮಿಷ ಬಿಟ್ಟರೆ ಇನ್ನೊಂದು.' ಬೈಗುಳವೆಲ್ಲ ಮೀಟರಿಗೆ. ಎಡವಟ್ಟು ಆಗಿರುವುದು ಬಹುತೇಕ ಬೆರಳ ತುದಿಯಲ್ಲಿ.

ಮೊದಲು ಸ್ಟ್ರಿಪ್, ಅಂದರೆ ಮೀಟರಿಗೆ ಸಿಕ್ಕಿಸಿ ರಕ್ತದ ಹನಿ ಮುಟ್ಟಿಸುವ ಪಟ್ಟಿ. ಅದರೊಳಗೆ ಕಿಣ್ವ ಲೇಪಿಸಿದ ಎಲೆಕ್ಟ್ರೋಡ್‌ಗಳಿವೆ. ಕಿಣ್ವವು ರಕ್ತದ ಗ್ಲುಕೋಸ್‌ನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆಗ ಹರಿಯುವ ಅತಿ ಸಣ್ಣ ವಿದ್ಯುತ್ತನ್ನು ಅಳೆದು ಮೀಟರ್ ಅಂಕಿ ಕೊಡುತ್ತದೆ. ತೇವ ತಾಗಿದರೆ ಈ ಲೇಪ ಕೆಡುತ್ತದೆ. ಒಂದು ತೆಗೆದ ಕೂಡಲೇ ಡಬ್ಬಿ ಮುಚ್ಚಿ. ಅವಧಿ ಮುಗಿದ ಸ್ಟ್ರಿಪ್ ಪುಕ್ಕಟೆ ಸಿಕ್ಕರೂ ಬೇಡ.

ಇನ್ನು ಬೆರಳು. ಸೋಪು ಹಚ್ಚಿ, ನೀರಿನಲ್ಲಿ ತೊಳೆಯಿರಿ. ಹಣ್ಣು ಸುಲಿದ ಕೈಯಲ್ಲೇ ಚುಚ್ಚಿಕೊಂಡು, ಇನ್ನೂರು ದಾಟಿತೆಂದು ಗಾಬರಿಯಾದವರನ್ನು ಕಂಡಿದ್ದೇನೆ. ಸ್ಟ್ರಿಪ್ ಹೀರುವುದು ಸುಮಾರು ಅರ್ಧ ಮೈಕ್ರೋಲೀಟರ್ ರಕ್ತ; ಅಷ್ಟರೊಳಗೆ ಚರ್ಮಕ್ಕೆ ಅಂಟಿದ ಹಣ್ಣಿನ ಸಕ್ಕರೆ ಸೇರಿದರೆ ಅಂಕಿ ಏರದೆ ಇನ್ನೇನು? ಸ್ಪಿರಿಟ್ ಹತ್ತಿಯಿಂದ ಒಮ್ಮೆ ಒರೆಸಿದರೆ ಆ ಸಕ್ಕರೆ ಪೂರ್ತಿ ಹೋಗುವುದಿಲ್ಲ. ಅಡ್ಡದಾರಿ ಬಿಟ್ಟು ನಲ್ಲಿಗೆ ಹೋಗಿ. ತೊಳೆದ ಮೇಲೆ ಚೆನ್ನಾಗಿ ಒರೆಸಿ, ಉಗುರಿನ ಅಂಚಿನ ಒದ್ದೆಯೂ ಇರಬಾರದು. ನೀರು ಬೆರೆತರೆ ರಕ್ತ ತೆಳುವಾಗಿ ಅಂಕಿ ಇಳಿಯುತ್ತದೆ.

ಬೆರಳ ತುದಿಯ ಮಧ್ಯಭಾಗಕ್ಕೆ ಚುಚ್ಚಬೇಡಿ, ನೋವು ಜಾಸ್ತಿ. ಪಕ್ಕಕ್ಕೆ ಚುಚ್ಚಿ, ಪ್ರತಿ ಸಲ ಬೆರಳು ಬದಲಿಸಿ. ರಕ್ತ ಬರಲಿಲ್ಲವೆಂದು ತುದಿಯನ್ನು ಹಿಂಡುವುದೇ ದೊಡ್ಡ ತಪ್ಪು: ಅಂಗಾಂಶದ ದ್ರವವೂ ಜೊತೆಗೆ ಬಂದು ಲೆಕ್ಕ ಕೆಡಿಸುತ್ತದೆ. ಚುಚ್ಚುವ ಮೊದಲೇ ಕೈ ಉಜ್ಜಿ ಬೆಚ್ಚಗೆ ಮಾಡಿ, ಸ್ವಲ್ಪ ಹೊತ್ತು ಕೆಳಗೆ ಜೋತುಬಿಡಿ. ಆಮೇಲೂ ಬಾರದಿದ್ದರೆ ಬುಡದಿಂದ ತುದಿಯ ಕಡೆಗೆ ಹಗುರವಾಗಿ ನೀವಿ.

ಹನಿಯನ್ನು ಸ್ಟ್ರಿಪ್ಪಿನ ಬಾಯಿಗೆ ಮುಟ್ಟಿಸಿ, ಅದೇ ಎಳೆದುಕೊಳ್ಳುತ್ತದೆ. ಮೇಲೆ ಬಳಿಯಬೇಡಿ. ರಕ್ತ ಸಾಲದಿದ್ದರೆ ಹೊಸ ಸ್ಟ್ರಿಪ್ ತೆಗೆಯಿರಿ.

ಅಂಕಿ ಬಂತು. 150 ಇದ್ದದ್ದು ಮತ್ತೆ ನೋಡಿದಾಗ 160 ಆದರೆ ಮೀಟರ್ ಎಸೆಯಬೇಡಿ. ನೂರು ಮತ್ತು ಅದಕ್ಕಿಂತ ಮೇಲಿನ ಅಂಕಿಗಳಲ್ಲಿ ಲ್ಯಾಬ್ ಅಂಕಿಗಿಂತ ಶೇ 15ರವರೆಗಿನ ಏರುಪೇರನ್ನು ಅಂತರರಾಷ್ಟ್ರೀಯ ಗುಣಮಟ್ಟ ಸಂಸ್ಥೆಯಾದ ಐಎಸ್‌ಒ ಮಾನದಂಡವೇ ಒಪ್ಪುತ್ತದೆ. ರಕ್ತಹೀನತೆ ಇದ್ದವರಲ್ಲಿ ಹಲವು ಮೀಟರ್‌ಗಳು ಹೆಚ್ಚು ತೋರಿಸುತ್ತವೆ. ವಿಟಮಿನ್ ಸಿ ಭಾರಿ ಪ್ರಮಾಣದಲ್ಲಿ ತೆಗೆದುಕೊಳ್ಳುವವರಲ್ಲೂ ಅಂಕಿ ತಪ್ಪಬಹುದು. ಅಂಥವರು ವೈದ್ಯರಿಗೆ ಹೇಳಿ, ಲ್ಯಾಬ್ ಪರೀಕ್ಷೆಯ ಜೊತೆ ಹೋಲಿಸಿ ನೋಡಲಿ. ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ರಕ್ತಪರೀಕ್ಷೆಗೆ ಈ ಸ್ಟ್ರಿಪ್ ಬದಲಿಯಲ್ಲ.

ಅಂಕಿಯ ಪಕ್ಕ ಊಟಕ್ಕೆ ಮುಂಚೆಯೋ, ಆಮೇಲೋ ಬರೆದಿಡಿ. ಬಳಸಿದ ಸೂಜಿ ಗಟ್ಟಿ ಡಬ್ಬಿಗೆ.